ಹೊಸ್ತಿಲಾಚೆ ನಿಂತ ಅಪ್ಪ



ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದಿಂದ ಮಹಾಲಿಂಗಪುರದ ಕಡೆಗೆ ಹೊರಟವರಿಗೆ ಸಮೀರವಾಡಿ ಬಂತೆಂದು ಯಾರೂ ಹೇಳಬೇಕಾಗಿಲ್ಲ. ಕುದಿಯುವ ಕಬ್ಬಿನ ಹಾಲಿನ ಸಿಹಿವಾಸನೆ, ಅದರ ಬೆನ್ನಿಗೇ ಕಾಕಂಬಿಯ ಹುಳಿವಾಸನೆ ಮೂಗಿಗೆ ಬಡಿಯುತ್ತದೆ. ರಸ್ತೆಯ ಬದಿಗೆ ಎರಡೆರಡು ಡಬ್ಬಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಪಾಳಿ ಹಚ್ಚಿ ನಿಂತಿರುತ್ತವೆ. ನಡುನಡುವೆ ಎತ್ತಿನ ಗಾಡಿಗಳು. ಮುಂಜಾನೆ ಒಂಬತ್ತರ ಹೊತ್ತಿಗೆ ಈ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ನಡೆದುಹೋಗುತ್ತದೆ. ಅದು ಶಾಲೆಗೆ ಹೋಗುವ ಮಕ್ಕಳ ಸಾಲು.

ಈ ಭಾಗದ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಲಿಸಿ ನಿವೃತ್ತನಾದವನು ನಾನು. ಆ ಮಕ್ಕಳನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತದೆ. ಒಂದನೇ ಇಯತ್ತೆಯಲ್ಲಿ ಒಂದೇ ಪಟ್ಟಿಯ ಮೇಲೆ ಒತ್ತಿಕೊಂಡು ಕೂತ ಮೂರು ಮಕ್ಕಳು ನಾಲ್ಕನೇ ಇಯತ್ತೆಗೆ ಬರುವಷ್ಟರಲ್ಲಿ ಒಬ್ಬರಿಗೊಬ್ಬರು ಅಷ್ಟು ದೂರ ಯಾಕೆ ಸರಿದುಬಿಡುತ್ತಾರೆ? ಪುಸ್ತಕ ಒಂದೇ, ಮಾಸ್ತರರು ಒಬ್ಬರೇ, ಮಧ್ಯಾಹ್ನದ ಊಟದ ಸಾಲೂ ಒಂದೇ. ವ್ಯತ್ಯಾಸ ಹುಟ್ಟುವುದೆಲ್ಲಿ?

ಅದು ಶಾಲೆಯ ಗಂಟೆ ಬಾರಿಸಿದ ಮೇಲೆ ಹುಟ್ಟುತ್ತದೆ. ಆ ಮೂರು ಮಕ್ಕಳು ಸಂಜೆ ಮೂರು ಬೇರೆ ಮನೆಗಳಿಗೆ ಹೋಗುತ್ತಾರೆ. ಒಂದು ಮಗು ಸಕ್ಕರೆ ಕಾರ್ಖಾನೆಯ ಕಾಲೊನಿಗೆ ಹೋಗುತ್ತದೆ. ಅಪ್ಪ ಅಲ್ಲಿ ಗುಮಾಸ್ತ, ಅವ್ವ ಪದವಿವರೆಗೆ ಓದಿದವಳು. ಇನ್ನೊಂದು ಮಗು ತೋಟದ ಮನೆಗೆ ಹೋಗುತ್ತದೆ. ಅಪ್ಪ ಎರಡೆಕರೆ ಕಬ್ಬಿನ ರೈತ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಅವ್ವ ಶಾಲೆಯ ಮುಖ ನೋಡಿದವಳಲ್ಲ. ಮೂರನೆಯದು ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿಗೆ ಹೋಗುತ್ತದೆ. ರವದಿ ಹೊದಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದ ಆ ಗುಡಿಸಲಲ್ಲಿ ಓದು ಬರುವವರು ಯಾರೂ ಇಲ್ಲ.

ಓದಿದ ತಂದೆತಾಯಿ ಮಗುವಿಗೆ ಮನೆಯಲ್ಲಿ ಪಾಠ ಹೇಳಿಕೊಡುತ್ತಾರೆ, ಅದಕ್ಕೇ ಆ ಮಗು ಮುಂದೆ ಹೋಗುತ್ತದೆ ಎಂದು ನಾವು ತಿಳಿದಿದ್ದೇವೆ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಆದರೆ ಓದಿದವರ ಎಷ್ಟೋ ಮನೆಗಳಲ್ಲಿ ಪಾಠ ಹೇಳಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ನಡೆಯುವುದು ಬೇರೆಯೇ. ಮಗು ಚೀಲ ಇಳಿಸುತ್ತಿದ್ದಂತೆ ‘ಇವತ್ತು ಏನು ಕಲಿಸಿದರು?’ ಎಂಬ ಮಾತು ಬರುತ್ತದೆ. ನೋಟುಬುಕ್ಕಿನಲ್ಲಿ ಕೆಂಪು ಗೆರೆ ಕಂಡರೆ ‘ಇದು ಯಾಕೆ ತಪ್ಪಾಯಿತು?’ ಎಂದು ಕೇಳುತ್ತಾರೆ. ಅಂಕ ಕಡಿಮೆ ಬಂದರೆ ಮರುದಿನವೇ ಅಪ್ಪ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಕುರ್ಚಿ ಎಳೆದುಕೊಂಡು ಕೂರುತ್ತಾನೆ, ಮಾಸ್ತರರ ಜೊತೆ ಸರಿಸಮ ಮಾತಾಡುತ್ತಾನೆ. ಅವನಿಗೆ ಶಾಲೆ ಪರಕೀಯ ಜಾಗವಲ್ಲ. ಓದು ತಂದೆತಾಯಿಗೆ ಕೊಡುವ ದೊಡ್ಡ ಆಸ್ತಿ ಈ ಧೈರ್ಯ. ಶಾಲೆಯ ಹೊಸ್ತಿಲು ದಾಟುವ ಧೈರ್ಯ, ವಿಚಾರಿಸುವ ಧೈರ್ಯ. ಮಕ್ಕಳಿಗೆ ಬಳುವಳಿಯಾಗಿ ಬರುವುದೂ ಇದೇ.

ಜಗತ್ತು ಈ ವಿಷಯವನ್ನು ಬಹಳ ಹಿಂದೆಯೇ ಗಮನಿಸಿದೆ. 1966ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಮತ್ತು ಜೊತೆಗಾರರು ಸುಮಾರು 6 ಲಕ್ಷ ವಿದ್ಯಾರ್ಥಿಗಳ, 4,000 ಶಾಲೆಗಳ ಮಾಹಿತಿ ಕಲೆಹಾಕಿ ಒಂದು ವರದಿ ಕೊಟ್ಟರು. ಶಾಲೆಯ ಕಟ್ಟಡ, ಪ್ರಯೋಗಾಲಯ, ಪುಸ್ತಕಗಳಿಗಿಂತ ಮಗುವಿನ ಮನೆಯ ಹಿನ್ನೆಲೆಯೇ ಅದರ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಇದನ್ನು ಕೇಳಿ ‘ಹಾಗಾದರೆ ಶಾಲೆಯ ತಪ್ಪೇನೂ ಇಲ್ಲ’ ಎಂದು ನಾವು ಶಿಕ್ಷಕರು ಕೈ ತೊಳೆದುಕೊಳ್ಳುವಂತಿಲ್ಲ. ಮನೆಯಲ್ಲಿ ಓದಿದವರಿಲ್ಲದ ಮಗುವಿಗೆ ಇರುವುದು ಶಾಲೆಯೊಂದೇ ಎಂಬುದು ಅದರ ಇನ್ನೊಂದು ಅರ್ಥ. ಅಂಥ ಮಗುವಿನ ಮಟ್ಟಿಗೆ ನಮ್ಮ ಹೊಣೆ ಎರಡು ಪಟ್ಟಾಗುತ್ತದೆ.

ನಮ್ಮ ಜಿಲ್ಲೆಯ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಬಾಗಲಕೋಟೆ ಜಿಲ್ಲೆಯ ಸಾಕ್ಷರತೆ ಶೇಕಡಾ 68.8. ಗಂಡಸರಲ್ಲಿ 79.2 ಇದ್ದರೆ ಹೆಂಗಸರಲ್ಲಿ 58.4 ಮಾತ್ರ. ಅಂದರೆ ಅಕ್ಷರ ಕಲಿಯುವ ವಯಸ್ಸು ದಾಟಿದ ನೂರು ಹೆಣ್ಣುಮಕ್ಕಳಲ್ಲಿ ನಲವತ್ತಕ್ಕೂ ಹೆಚ್ಚು ಜನಕ್ಕೆ ತಮ್ಮ ಮಗುವಿನ ನೋಟುಬುಕ್ಕಿನ ಮೇಲೆ ಬರೆದ ಹೆಸರನ್ನೂ ಓದಲು ಬರುತ್ತಿರಲಿಲ್ಲ. ಅಂದು ಶಾಲೆಯಲ್ಲಿದ್ದ ಹುಡುಗಿಯರು ಇಂದು ತಾಯಂದಿರಾಗಿದ್ದಾರೆ, ಆಗುತ್ತಿದ್ದಾರೆ. ಅಂದು ಒಬ್ಬ ಹುಡುಗಿ ಶಾಲೆ ಬಿಟ್ಟಿದ್ದರೆ ಅದರ ಬೆಲೆಯನ್ನು ಇಂದು ಒಂದನೇ ಇಯತ್ತೆಯಲ್ಲಿ ಕೂತ ಅವಳ ಮಗು ಕಟ್ಟುತ್ತಿದೆ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆರನೇ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಬುದ್ಧಿ ಚುರುಕು, ಆದರೆ ಗಣಿತದಲ್ಲಿ ಹಿಂದೆ ಬೀಳತೊಡಗಿದ್ದ. ಅವನ ಪ್ರಗತಿಪತ್ರದಲ್ಲಿ ‘ಪಾಲಕರು ಬಂದು ಕಾಣಬೇಕು’ ಎಂದು ಬರೆದು ಕಳಿಸಿದೆ. ಪತ್ರ ಹೆಬ್ಬೆಟ್ಟಿನ ಗುರುತು ಹೊತ್ತು ವಾಪಸು ಬಂತು, ಪಾಲಕರು ಬರಲಿಲ್ಲ. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನ ಅಪ್ಪ ತಾನಾಗಿಯೇ ಬಂದ. ಕಾರ್ಖಾನೆಯ ಕಾಟಾದಲ್ಲಿ ಕಬ್ಬು ತೂಗಿಸಿ ನೇರ ಬಂದಿದ್ದನೆಂದು ಕಾಣುತ್ತದೆ. ಅಂಗಿಯ ಕಿಸೆಯಲ್ಲಿ ತೂಕದ ಚೀಟಿ ಇಣುಕುತ್ತಿತ್ತು, ತಲೆಯ ರುಮಾಲಿನಲ್ಲಿ ರವದಿಯ ಚೂರು ಸಿಕ್ಕಿಕೊಂಡಿತ್ತು. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು ಬಂದು ಹೊಸ್ತಿಲಾಚೆ ನಿಂತ.

‘ಮಾಸ್ತರ್ರ, ನಮ್ಮ ಹುಡುಗ ಹೆಂಗ ಓದಾಕತ್ತಾನ್ರೀ?’

ನಾನು ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ‘ಎಲ್ಲಾ ಬರದ ಕಳಿಸೀನಲ್ಲ, ನೋಡಿಲ್ಲೇನು?’ ಅಂದೆ.

ಅವನು ಸ್ವಲ್ಪ ಹೊತ್ತು ನಿಂತ. ಆಮೇಲೆ ‘ಆತ್ರೀ’ ಅಂದು ಹೋದ. ಮತ್ತೆ ಬರಲಿಲ್ಲ. ಹುಡುಗ ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟ, ಟ್ರ್ಯಾಕ್ಟರು ಹತ್ತಿದ.

ನಾನು ಗದರಲಿಲ್ಲ, ಬೈಯಲಿಲ್ಲ. ಆದರೆ ಓದು ಬಾರದವನಿಗೆ ಓಲೆ ಕಳಿಸಿ, ಯಾಕೆ ಓದಲಿಲ್ಲ ಎಂದು ಕೇಳಿದೆ. ಅದೇ ಮನುಷ್ಯ ಕಾಟಾದ ಮುಂದೆ ಹೇಗಿರುತ್ತಿದ್ದ ಎಂಬುದು ನನಗೆ ಆಮೇಲೆ ಗೊತ್ತಾಯಿತು. ತುಂಬಿದ ಡಬ್ಬಿಯ ತೂಕ ಎಷ್ಟು, ಖಾಲಿ ಡಬ್ಬಿಯ ತೂಕ ಎಷ್ಟು, ಕಳೆದರೆ ಉಳಿದ ಕಬ್ಬು ಎಷ್ಟು ಟನ್ನು ಎಂದು ಚೀಟಿ ಹಿಡಿದು ಒಬ್ಬರಿಂದ ಓದಿಸಿ, ಸಂಶಯ ಬಂದರೆ ಇನ್ನೊಬ್ಬರಿಂದ ಓದಿಸಿ, ಬೆರಳ ಗೆಣ್ಣು ಎಣಿಸಿ ತಾಳೆ ನೋಡದೆ ಅಲ್ಲಿಂದ ಕದಲುತ್ತಿರಲಿಲ್ಲವಂತೆ. ವಿಚಾರಿಸುವ ಬುದ್ಧಿ ಅವನಿಗೆ ಬೇಕಾದಷ್ಟಿತ್ತು. ಕಾಟಾದ ಹತ್ತಿರ ಅದು ತನ್ನ ಹಕ್ಕೆಂದು ಅವನಿಗೆ ಗೊತ್ತಿತ್ತು. ಶಾಲೆಯ ಹತ್ತಿರ ಮಾತ್ರ ಆ ಹಕ್ಕು ತನಗಿಲ್ಲವೆಂದು ಅವನು ನಂಬಿದ್ದ, ಆ ನಂಬಿಕೆಯನ್ನು ನಾನು ಗಟ್ಟಿ ಮಾಡಿ ಕಳಿಸಿದೆ.

ಕೇಳುಗ ಬಂಧುಗಳೇ, ಸಮೀರವಾಡಿಯಲ್ಲಿ ಶಾಲೆಗಳಿಗೆ ಕೊರತೆ ಇರಲಿಲ್ಲ. ಸಕ್ಕರೆ ಕಾರ್ಖಾನೆಯ ಜೊತೆಗೆ ಸೋಮೈಯ ಸಂಸ್ಥೆಯವರು ಶಾಲೆಯನ್ನೂ ಕಟ್ಟಿದರು. ಸುತ್ತಲಿನ ಬಡ ಮಕ್ಕಳ ಮುಂದಿನ ಓದಿಗೆ ‘ಹೆಲ್ಪ್ ಎ ಚೈಲ್ಡ್’ ಎಂಬ ಯೋಜನೆಯಿಂದ ನೆರವು ಸಿಗುತ್ತಿದೆ. ಸುತ್ತಲಿನ ಹಳ್ಳಿಗಳಲ್ಲಿ ಸರಕಾರಿ ಶಾಲೆಗಳಿವೆ. ಫೀಜಿನ ಅಡ್ಡಿಯನ್ನು ಹಣ ಕಳೆಯುತ್ತದೆ, ದೂರದ ಅಡ್ಡಿಯನ್ನು ಬಸ್ಸು ಕಳೆಯುತ್ತದೆ. ಆದರೆ ‘ನಾವು ಕಲಿತವರಲ್ಲ, ನಮಗೇನು ತಿಳೀತದ’ ಎಂಬ ಅಡ್ಡಿಯನ್ನು ಯಾವ ಚೆಕ್ಕೂ ಕಳೆಯಲಾರದು. ಅದನ್ನು ಮನುಷ್ಯರೇ ಕಳೆಯಬೇಕು.

ಅದು ಸುಳ್ಳು ಅಡ್ಡಿ ಎಂದು ನನಗೆ ಕಲಿಸಿಕೊಟ್ಟವಳು ಬನಹಟ್ಟಿಯ ಒಬ್ಬ ನೇಕಾರ ತಾಯಿ. ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಒಳಗಿನ ಪಡಸಾಲೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಆಕೆ ಬಾಗಿಲ ಬಳಿ ಕೂತು ರಾಟಿ ತಿರುಗಿಸುತ್ತ ಕಂಡಿಕೆ ಸುತ್ತುತ್ತಿದ್ದಳು. ಎದುರಿಗೆ ಐದನೇ ಇಯತ್ತೆಯ ಮಗ ಕನ್ನಡ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಪಾಠ ಮುಗಿಸಿ ಪುಸ್ತಕ ಮುಚ್ಚಿದ. ಆಕೆ ರಾಟಿ ನಿಲ್ಲಿಸಿದಳು.

‘ಮತ್ತ ಓದು.’

‘ಮುಗೀತಬೇ ಅವ್ವಾ.’

‘ನಿನ್ನೆ ಈ ಪಾಠಕ್ಕ ಮೂರು ಕಂಡಿಕಿ ಆಗಿದ್ವು. ಇವತ್ತ ಎರಡಾಗೂದ್ರಾಗ ಮುಗಿಸಿದಿ. ನಡಕ ಎಲ್ಲೋ ಬಿಟ್ಟಿ ನೀ.’

ಹುಡುಗ ತಲೆ ತಗ್ಗಿಸಿ ಪುಸ್ತಕ ತೆರೆದ. ನಡುವಿನ ಒಂದು ಪುಟವನ್ನು ಅವನು ಹಾರಿಸಿದ್ದು ನಿಜವಾಗಿತ್ತು.

ಆಕೆಗೆ ‘ಅ’ ಅಂದರೆ ಯಾವುದೆಂದು ಗೊತ್ತಿರಲಿಲ್ಲ. ಆದರೆ ಕಂಡಿಕೆಯಿಂದ ಪಾಠ ಅಳೆಯುವುದು ಗೊತ್ತಿತ್ತು. ದಿನವೂ ಒಂದೇ ಹೊತ್ತಿಗೆ ಮಗನನ್ನು ಎದುರಿಗೆ ಕೂಡಿಸಿಕೊಳ್ಳಬೇಕು, ಓದು ಕಿವಿಗೆ ಬೀಳಬೇಕು, ತಾನು ಕೇಳುತ್ತಿದ್ದೇನೆಂದು ಮಗನಿಗೆ ತಿಳಿದಿರಬೇಕು ಎಂಬುದು ಗೊತ್ತಿತ್ತು. ಕಾಲೊನಿಯ ಓದಿದ ತಾಯಿ ಮಾಡುವುದನ್ನೇ ಆಕೆ ತನ್ನ ಕೈಯಲ್ಲಿದ್ದ ಸಾಮಾನಿನಿಂದ ಮಾಡುತ್ತಿದ್ದಳು. ಅಂದಿನಿಂದ ನಾನು ಯಾವ ಪಾಲಕರ ಸಭೆಯಲ್ಲೂ ‘ನಿಮಗೆ ಓದು ಬರದಿದ್ದರೆ ಏನೂ ಮಾಡಲಾಗದು’ ಎಂಬ ಮಾತನ್ನು ಆಡಲಿಲ್ಲ, ಆಡುವವರನ್ನು ಸುಮ್ಮನೆ ಬಿಡಲೂ ಇಲ್ಲ.

ಹಾಗೆಂದ ಮಾತ್ರಕ್ಕೆ ತಾಯಿ ಅಕ್ಷರ ಕಲಿಯುವುದು ಬೇಡವೇ? ಬೇಕು, ಖಂಡಿತ ಬೇಕು. ‘ಪ್ರಥಮ್’ ಸಂಸ್ಥೆಯ ರುಕ್ಮಿಣಿ ಬ್ಯಾನರ್ಜಿ ಮತ್ತು ಜೊತೆಗಾರರು ಬಿಹಾರ, ರಾಜಸ್ಥಾನಗಳ 480 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿದರು. ಕೆಲವು ಊರುಗಳಲ್ಲಿ ತಾಯಂದಿರಿಗೆ ಅಕ್ಷರ, ಲೆಕ್ಕ ಕಲಿಸಿದರು. ಕೆಲವು ಊರುಗಳಲ್ಲಿ ಅಕ್ಷರ ಕಲಿಸುವ ಬದಲು ಮಗುವಿನ ಜೊತೆ ಕೂತು ಮಾಡುವ ಚಟುವಟಿಕೆಗಳನ್ನು ಮನೆಗೇ ಹೋಗಿ ತೋರಿಸಿಕೊಟ್ಟರು. ಇನ್ನು ಕೆಲವು ಊರುಗಳಲ್ಲಿ ಎರಡನ್ನೂ ಮಾಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ನಮಗೆ ಪಾಠವಾಗಬೇಕು. ಮೂರೂ ಕಡೆ ಮಕ್ಕಳ ಗಣಿತ ಸ್ವಲ್ಪ ಸುಧಾರಿಸಿತ್ತು. ಎರಡನ್ನೂ ಕೂಡಿಸಿ ಮಾಡಿದ ಊರುಗಳಲ್ಲಿ ಸುಧಾರಣೆ ಎಲ್ಲಕ್ಕಿಂತ ಹೆಚ್ಚಿತ್ತು. ಆದ ಲಾಭ ಸಣ್ಣದೇ, ಉತ್ಪ್ರೇಕ್ಷೆ ಮಾಡಬಾರದು. ಒಂದು ವರ್ಷದೊಳಗೆ ತಲೆಮಾರಿನ ಕೊರತೆ ತುಂಬಿಬಿಡುವುದಿಲ್ಲ. ಆದರೆ ಅಕ್ಷರ ಒಂದು ಕೈ, ಮಗುವಿನ ಪಕ್ಕದಲ್ಲಿ ಕೂರುವುದು ಇನ್ನೊಂದು ಕೈ. ಎರಡೂ ಕೂಡಿದರೆ ಭಾರ ಎತ್ತಬಹುದು.

ಈಗ ಮೂರನೆಯ ಮನೆಗೆ ಬರುತ್ತೇನೆ, ಆ ರವದಿಯ ಗುಡಿಸಲಿಗೆ.

ವಿಜಯಪುರದ ಕಡೆಯಿಂದ, ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಕುಟುಂಬಗಳು ನಮ್ಮ ನಾಡಿಗೆ ಬರುತ್ತವೆ. ಮಳೆಗಾಲದಲ್ಲೇ ಮುಂಗಡ ಹಣ ಪಡೆದಿರುತ್ತಾರೆ. ಗಂಡ ಹೆಂಡತಿ ಕೂಡಿ ಒಂದು ‘ಕೊಯ್ತಾ’ ಎಂದು ಲೆಕ್ಕ. ಅವರ ಮಗು ಜೂನಿನಲ್ಲಿ ತನ್ನ ಊರಿನ ಶಾಲೆಗೆ ಹೋಗುತ್ತದೆ. ದಸರೆ ರಜೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಅಪ್ಪ ಅವ್ವನ ಜೊತೆ ಗಾಡಿ ಹತ್ತುತ್ತದೆ. ಯುಗಾದಿಯ ಆಸುಪಾಸಿಗೆ ಊರಿಗೆ ಮರಳಿದರೆ ಅಲ್ಲಿ ವಾರ್ಷಿಕ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಸಕ್ಕರೆಯ ವರ್ಷವೂ ಶಾಲೆಯ ವರ್ಷವೂ ಹೀಗೆ ಒಂದಕ್ಕೊಂದು ಅಡ್ಡ ಬೀಳುತ್ತವೆ. ಆ ಮಗು ಅರ್ಧ ವರ್ಷ ತನ್ನ ಊರಲ್ಲಿ, ಅರ್ಧ ವರ್ಷ ಸೇರಿಸಿಕೊಂಡರೆ ಇಲ್ಲಿಯ ಶಾಲೆಯ ಪಟ್ಟಿಯ ಮೇಲೆ, ಇಲ್ಲದಿದ್ದರೆ ಎಲ್ಲಿಯೂ ಇಲ್ಲ. ಗುಡಿಸಲಲ್ಲಿ ಹತ್ತು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡು ಅಡುಗೆ ನೀರು ನೋಡುತ್ತಾಳೆ. ಅವಳು ನಾಳೆಯ ತಾಯಿ. ಅವಳು ಇಂದು ಕಳೆದುಕೊಂಡ ಓದು ನಾಳೆ ಅವಳ ಮಕ್ಕಳ ಲೆಕ್ಕಕ್ಕೆ ಜಮೆಯಾಗುತ್ತದೆ.

ಈ ಮಕ್ಕಳಿಗಾಗಿ ಟೆಂಟ್ ಶಾಲೆಗಳು, ವಲಸೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿನಿಲಯಗಳು ಸರ್ವ ಶಿಕ್ಷಣ ಅಭಿಯಾನದ ಕಾಲದಿಂದ ಬಂದಿವೆ. ಕಾನೂನೂ ಅವರ ಕಡೆಗಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಗಾವಣೆ ಪತ್ರ ತಂದಿಲ್ಲವೆಂಬ ಕಾರಣಕ್ಕೆ, ವರ್ಷದ ನಡುವೆ ಬಂದಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಈ ಸಂಗತಿ ಯಾರಿಗೆ ಗೊತ್ತು? ಕಾಲೊನಿಯ ಅಪ್ಪನಿಗೆ ಗೊತ್ತು, ಅವನಿಗೆ ಅದರ ಅಗತ್ಯವಿಲ್ಲ. ಅಗತ್ಯವಿರುವ ಗುಡಿಸಲಿನ ಅಪ್ಪನಿಗೆ ಗೊತ್ತಿಲ್ಲ. ಹಕ್ಕು ಕಾಗದದ ಮೇಲಿದ್ದು, ಕಾಗದ ಓದಲು ಬಾರದಿದ್ದರೆ ಆ ಹಕ್ಕನ್ನು ಯಾರಾದರೂ ಓದಿ ಹೇಳಬೇಕು. ಆ ‘ಯಾರಾದರೂ’ ನಾವೇ, ಓದು ಬರುವ ನೆರೆಹೊರೆಯವರು.

ಮುಧೋಳದ ಮಣ್ಣಿನಲ್ಲಿ ನಿಂತು ಈ ಮಾತಾಡುವಾಗ ಕವಿಚಕ್ರವರ್ತಿ ರನ್ನ ನೆನಪಾಗದೆ ಇರುವುದಿಲ್ಲ. ಹತ್ತನೇ ಶತಮಾನದಲ್ಲಿ ಮುದುವೊಳಲಿನ, ಅಂದರೆ ಇದೇ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು ಅವನು. ಮನೆತನದ ಕಸುಬು ಬಳೆ ಮಾರುವುದು. ಅವನು ವಿದ್ಯೆ ಅರಸಿ ಶ್ರವಣಬೆಳಗೊಳಕ್ಕೆ ಹೋದ. ಅಲ್ಲಿ ಅಜಿತಸೇನಾಚಾರ್ಯರು ಕಲಿಸಿದರು, ಚಾವುಂಡರಾಯ ಆಸರೆಯಾದ, ಮುಂದೆ ಅತ್ತಿಮಬ್ಬೆ ಪೋಷಿಸಿದಳು. ನಮ್ಮ ಭಾಗದ ಸಭೆಗಳಲ್ಲಿ ರನ್ನನ ಹೆಸರು ಹೇಳಿ ‘ನೋಡಿ, ಮನಸ್ಸು ಮಾಡಿದರೆ ಯಾರು ಬೇಕಾದರೂ ಮೇಲೆ ಬರಬಹುದು’ ಎನ್ನುತ್ತೇವೆ. ನಾನು ಅದರಲ್ಲಿ ಬೇರೊಂದು ಪಾಠ ಕಾಣುತ್ತೇನೆ. ರನ್ನನಂಥ ಪ್ರತಿಭೆಗೂ ಕೈ ಹಿಡಿದು ಹೊಸ್ತಿಲು ದಾಟಿಸುವ ಮೂರು ಜನ ಬೇಕಾದರು. ಹಾಗಿದ್ದ ಮೇಲೆ ಸಾಧಾರಣ ಬುದ್ಧಿಯ ಸಾಧಾರಣ ಮಗುವಿಗೆ ಒಬ್ಬರಾದರೂ ಬೇಡವೇ? ಶಾಲೆ ಇರುವುದೇ ಆ ಸಾಧಾರಣ ಮಗುವಿಗಾಗಿ.

ಹಾಗಾದರೆ ಮಾಡಬೇಕಾದದ್ದೇನು? ಓದು ಬಾರದ ತಂದೆತಾಯಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ದಿನಕ್ಕೆ ಅರ್ಧ ತಾಸು ಮಗುವನ್ನು ನಿಮ್ಮ ಎದುರಿಗೆ ಕೂಡಿಸಿಕೊಳ್ಳಿ. ಗಟ್ಟಿಯಾಗಿ ಓದಿಸಿ. ರೊಟ್ಟಿ ಬಡಿಯುವಾಗ ಓದಿಸಿ, ಕಂಡಿಕೆ ಸುತ್ತುವಾಗ ಓದಿಸಿ. ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು ಎನ್ನಿ. ಹೇಳಲು ತಡವರಿಸಿದರೆ ಅದಕ್ಕೆ ಪಾಠ ತಿಳಿದಿಲ್ಲವೆಂದು ನಿಮಗೆ ತಿಳಿಯುತ್ತದೆ. ಇಷ್ಟು ಅರಿಯಲು ನಿಮಗೆ ಅಕ್ಷರ ಬೇಕಿಲ್ಲ. ತೂಕದ ಚೀಟಿ, ಬಿತ್ತನೆ ಬೀಜದ ಚೀಲ, ಬಸ್ಸಿನ ಬೋರ್ಡು ಮಗುವಿನಿಂದಲೇ ಓದಿಸಿ, ಅದರ ಓದು ಮನೆಗೆ ಬೇಕಾದದ್ದೆಂದು ಅದಕ್ಕೆ ಗೊತ್ತಾಗಲಿ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ. ‘ಏನರ ಕಲಿಸ್ರಿ’ ಎಂದು ಬಿಟ್ಟು ಬರಬೇಡಿ. ‘ಯಾವುದು ಬರತೈತಿ, ಯಾವುದು ಬರೂದಿಲ್ಲ’ ಎಂದು ಕೇಳಿ.

ಶಿಕ್ಷಕ ಮಿತ್ರರಲ್ಲಿ ಕೋರುವುದೇನೆಂದರೆ, ಹೆಬ್ಬೆಟ್ಟು ಬಿದ್ದು ಬಂದ ಪ್ರಗತಿಪತ್ರ ಕಂಡರೆ ಅದನ್ನು ಒಂದು ಕರೆಯೆಂದು ತಿಳಿಯಿರಿ. ಆ ಮನೆಗೆ ಕಾಗದ ಕಳಿಸಿದರೆ ಸಾಲದು, ನಾವೇ ಹೋಗಬೇಕು ಅಥವಾ ಕರೆಸಿ, ಕೂಡಿಸಿ, ಓದಿ ಹೇಳಬೇಕು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೆ ಜಾಗವಿದೆ. ಕಾಯ್ದೆಯ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ತಾಯಂದಿರು ಸಹಿ ಮಾಡಿ ಎದ್ದು ಹೋಗದೆ ಬಾಯಿ ಬಿಟ್ಟು ಮಾತಾಡುವಂತೆ ಮಾಡುವುದು ನಮ್ಮ ಕೆಲಸ. ಊರಿನ ಕಾಲೇಜು ಹುಡುಗ ಹುಡುಗಿಯರಿಗೂ ಒಂದು ಮಾತು. ಹದಿನೈದು ದಾಟಿದವರಿಗೆ ಅಕ್ಷರ ಕಲಿಸುವ ‘ಉಲ್ಲಾಸ್’ ಕಾರ್ಯಕ್ರಮ ಈಗ ನಡೆಯುತ್ತಿದೆ. ಅದು ನಿಂತಿರುವುದೇ ಸ್ವಯಂಸೇವಕರ ಮೇಲೆ. ನಿಮ್ಮ ಓಣಿಯ ಒಬ್ಬ ತಾಯಿಗೆ ಓದು ಕಲಿಸಿ. ಅವಳ ಹಿಂದಿರುವ ಮಕ್ಕಳಿಗೂ ಕಲಿಸಿದಂತಾಗುತ್ತದೆ.

ಕೊನೆಗೆ ಒಂದು ಘಟನೆ ಹೇಳಿ ಮುಗಿಸುತ್ತೇನೆ.

ಹೋದ ಹಂಗಾಮಿನಲ್ಲಿ ಮಹಾಲಿಂಗಪುರದ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ನನ್ನ ಪಕ್ಕದಲ್ಲಿ ನಿಂತಿತು. ಇಳಿದವನು ಅದೇ ಹುಡುಗ, ಗಣಿತದಲ್ಲಿ ಹಿಂದೆ ಬಿದ್ದು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಈಗ ನಲವತ್ತು ದಾಟಿದೆ. ಕಾಲು ಮುಟ್ಟಿದ. ಅಪ್ಪ ತೀರಿಹೋಗಿ ಐದು ವರ್ಷವಾಯಿತೆಂದ. ಆಮೇಲೆ ಸೀಟಿನ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿಂದ ಮಗಳ ಪ್ರಗತಿಪತ್ರ ತೆಗೆದ. ಇಂಗ್ಲಿಷ್ ಮಾಧ್ಯಮದ ಶಾಲೆಯದು.

‘ಸರ್, ಇದನ್ನ ಸ್ವಲ್ಪ ಓದಿ ಹೇಳ್ರಿ. ನಾ ಕನ್ನಡ ಓದತೇನ್ರಿ. ಇದರಾಗ ಅಂಕಿನ ಇಲ್ಲ. ಬಿ ಅಂದ್ರ ಚೊಲೊನೋ, ಕೆಟ್ಟೋ?’

ರಸ್ತೆಯ ಬದಿಯಲ್ಲೇ ನಿಂತು ಒಂದೊಂದು ವಿಷಯವನ್ನೂ ಓದಿ ಹೇಳಿದೆ. ಕನ್ನಡ ಚೆನ್ನಾಗಿದೆ, ವಿಜ್ಞಾನ ಪರವಾಗಿಲ್ಲ, ಗಣಿತ ಹಿಂದೆ. ‘ನನ್ನಂಗನ ಐತ್ರಿ’ ಎಂದು ಅವನು ಮೆಲ್ಲಗೆ ಹೇಳಿದ. ಶಾಲೆಗೆ ಹೋಗಿ ಕೇಳಿದೆಯಾ ಎಂದೆ. ‘ಗೇಟಿನ ಮಟಾ ಹೋಗಿ ಬಂದ್ನಿರಿ. ಒಳಗ ಹೋಗಿ ಏನಂತ ಕೇಳ್ಲಿ?’ ಎಂದ.

ನನಗೆ ಅವನ ಅಪ್ಪ ಕಂಡ. ಅಂಗಳದಲ್ಲಿ ಬಿಟ್ಟ ಚಪ್ಪಲಿ ಕಂಡಿತು. ಮೂವತ್ತು ವರ್ಷ ತಡವಾಗಿತ್ತು, ಆದರೂ ಅಂದು ನಾನು ಮಾಡಬೇಕಿದ್ದ ಕೆಲಸ ಇನ್ನೂ ಬಾಕಿ ಇತ್ತು. ‘ನಾಳೆ ಹತ್ತಕ್ಕ ಬಾ, ಕೂಡೇ ಹೋಗೂಣು’ ಎಂದೆ.

ಮರುದಿನ ಹೋದೆವು. ಅವನು ಬಾಗಿಲ ಹತ್ತಿರ ಬಗ್ಗಿ ಚಪ್ಪಲಿ ಬಿಡಲು ಹೋದ. ಅವನ ಮೊಣಕೈ ಹಿಡಿದು ‘ಇರಲಿ, ನಡಿ’ ಎಂದೆ. ಒಳಗೆ ಹೋಗಿ ಕೂತೆವು. ನಾನು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತು ಬೆರಳ ಗೆಣ್ಣು ಒತ್ತುತ್ತ ಕೂತಿದ್ದವನು ತಲೆ ಎತ್ತಿ ತಾನೇ ಕೇಳಿದ: ‘ನನ್ನ ಮಗಳಿಗೆ ಲೆಕ್ಕದಾಗ ಯಾವುದು ಬರತೈತ್ರಿ, ಯಾವುದು ಬರೂದಿಲ್ಲ?’